ಔಷಧಾರಂಭದ ಪ್ರಶ್ನೆ: ಎಚ್.ಐ.ವಿ. ಸೋಂಕಿತ ಸಲಿಂಗಪ್ರೇಮಿ ಪುರುಷರ ಮನೋಧರ್ಮದ ಇತಿಹಾಸ

ಮಾರಕವೆಂದು ಲೋಕವೆಲ್ಲ ಬಲ್ಲ ವ್ಯಾಧಿಯೊಂದು ತನ್ನ ಮೈಯನ್ನು ಸೇರಿದೆಯೆಂದು ತಿಳಿದಿದ್ದೂ, ಅದಕ್ಕೆ ಔಷಧವುಂಟೆಂದು ವೈದ್ಯರು ಹೇಳುತ್ತಿದ್ದರೂ, ಮನುಷ್ಯನು ಆ ಔಷಧವನ್ನು ಆರಂಭಿಸಲು ಹಿಂಜರಿಯುವುದೇಕೆ? ಎಚ್.ಐ.ವಿ. ಸೋಂಕಿಗೆ ಒಳಗಾದ ಪಾಶ್ಚಾತ್ಯ ದೇಶಗಳ ಸಲಿಂಗಪ್ರೇಮಿ ಪುರುಷರ ವಿಷಯದಲ್ಲಿ ಈ ಪ್ರಶ್ನೆಯನ್ನು ವೈದ್ಯರೂ ಮನಶ್ಶಾಸ್ತ್ರಜ್ಞರೂ ಬಹಳವಾಗಿ ಚರ್ಚಿಸಿದ್ದಾರೆ. ಅವರ ಬರಹಗಳಲ್ಲಿ ಔಷಧವನ್ನು ಮುಂದೂಡಿದವನು ತಿಳಿವಳಿಕೆ ಸಾಲದವನಾಗಿಯೋ ಭೀತನಾಗಿಯೋ ಕಾಣಿಸಿಕೊಳ್ಳುವುದುಂಟು. ಈ ಚಿತ್ರ ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. 1987ರಿಂದ 2015ರವರೆಗಿನ ಸುಮಾರು ಮೂರು ದಶಕಗಳಲ್ಲಿ ‘ಯಾವಾಗ ಆರಂಭಿಸಬೇಕು’ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರವೇ ಕೊಟ್ಟ ಉತ್ತರ ಹಲವು ಬಾರಿ ಬದಲಾಯಿತು. ಬದಲಾಗುತ್ತಿದ್ದ ಆ ಉತ್ತರಗಳ ನಡುವೆ ನಿಂತು ನಿರ್ಣಯ ಕೈಗೊಳ್ಳಬೇಕಾಗಿದ್ದವನ ಸ್ಥಿತಿಯನ್ನು ಆಯಾ ಕಾಲದಲ್ಲಿ ತಿಳಿದಿದ್ದ ಸಂಗತಿಗಳಿಂದಲೇ ಅಳೆಯಬೇಕಲ್ಲದೆ ಇಂದಿನ ಜ್ಞಾನದಿಂದ ಅಳೆಯಲಾಗದು.

ಮೊದಲಿಗೆ, ಈ ಜನರಿಗೂ ವೈದ್ಯವೃತ್ತಿಗೂ ಇದ್ದ ಹಳೆಯ ಸಂಬಂಧವನ್ನು ನೆನೆಯಬೇಕು. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಪ್ರೇಮವನ್ನು ಮಾನಸಿಕ ರೋಗಗಳ ಪಟ್ಟಿಯಿಂದ ತೆಗೆದುಹಾಕಿದ್ದು 1973ರಲ್ಲಿ. ಇಂಗ್ಲೆಂಡಿನಲ್ಲಿ ಅದು ಅಪರಾಧವೆನಿಸಿಕೊಳ್ಳದೆ ಹೋದದ್ದು, ಅದೂ ಹಲವು ಷರತ್ತುಗಳೊಡನೆ, 1967ರಲ್ಲಿ. ಅದಕ್ಕೆ ಮುಂಚೆ ‘ಚಿಕಿತ್ಸೆ’ ಎಂಬ ಮಾತಿಗೆ ಇವರ ಪಾಲಿಗೆ ಇದ್ದ ಅರ್ಥವೇ ಬೇರೆ: ವಿದ್ಯುದಾಘಾತ, ವಾಂತಿ ಬರಿಸುವ ಔಷಧ, ಸ್ವಭಾವವನ್ನೇ ತಿದ್ದುವ ಪ್ರಯತ್ನ. 1981ರ ಜೂನ್ 5ರಂದು ಅಮೆರಿಕದ ಸಾಂಕ್ರಾಮಿಕರೋಗ ವಾರಪತ್ರಿಕೆಯು ಲಾಸ್ ಏಂಜಲೀಸಿನ ಐವರು ತರುಣರ ವಿಚಿತ್ರ ನ್ಯುಮೋನಿಯವನ್ನು ವರದಿ ಮಾಡಿದಾಗ, ರೋಗಪಟ್ಟಿಯಿಂದ ಹೊರಬಂದು ಹತ್ತು ವರ್ಷ ಕೂಡ ಕಳೆಯದಿದ್ದ ಈ ಸಮುದಾಯ ಪುನಃ ವೈದ್ಯರ ಕಣ್ಣಿನ ಕೆಳಗೆ ಬಂದು ನಿಂತಿತು.

ಈ ಹಿನ್ನೆಲೆಯಲ್ಲಿ ನೋಡಿದರೆ 1983ರ ಜೂನ್ ತಿಂಗಳ ಡೆನ್ವರ್ ಘೋಷಣೆಯು ಅತ್ಯಂತ ಮಹತ್ವದ ದಾಖಲೆಯೆಂದು ತಿಳಿಯುತ್ತದೆ. ಡೆನ್ವರ್ ನಗರದ ಆರೋಗ್ಯ ಸಮ್ಮೇಳನವೊಂದರಲ್ಲಿ ನೆರೆದಿದ್ದ ಹತ್ತಾರು ಮಂದಿ ಏಡ್ಸ್ ಪೀಡಿತರು, ಬಾಬಿ ಕ್ಯಾಂಪ್‌ಬೆಲ್, ಮೈಕೇಲ್ ಕ್ಯಾಲನ್ ಮೊದಲಾದವರು, ತಮ್ಮನ್ನು ‘ಬಲಿಪಶು’ಗಳೆಂದು ಕರೆಯಬಾರದೆಂದು ಸಾರಿದರು. ಚಿಕಿತ್ಸೆಯ ಅಪಾಯಗಳನ್ನೆಲ್ಲ ತಿಳಿಯುವ, ಚಿಕಿತ್ಸೆಯನ್ನು ಆರಿಸಿಕೊಳ್ಳುವ, ಬೇಡವಾದರೆ ನಿರಾಕರಿಸುವ ಹಕ್ಕು ತಮಗುಂಟೆಂದು ಅದರಲ್ಲಿ ಸ್ಪಷ್ಟವಾಗಿ ಬರೆದರು. ನಿರಾಕರಿಸುವುದಕ್ಕೆ ಆಗ ಔಷಧವೇ ಇರಲಿಲ್ಲವೆಂಬುದು ಇಲ್ಲಿನ ಸ್ವಾರಸ್ಯ. ಔಷಧ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಅದನ್ನು ಒಲ್ಲೆನೆನ್ನುವ ಹಕ್ಕು ಲಿಖಿತವಾಗಿತ್ತು. ಮುಂದಿನ ವಾದವಿವಾದಗಳಿಗೆಲ್ಲ ಬೇರು ಇಲ್ಲಿಯೇ ಇದೆ.

1985ರ ಮಾರ್ಚಿಯಲ್ಲಿ ರಕ್ತಪರೀಕ್ಷೆ ಬಂದಿತು. ಸೋಂಕು ಇದೆಯೆಂದು ತಿಳಿದರೂ ಮಾಡಬಹುದಾದುದು ಏನೂ ಇಲ್ಲದಿರುವಾಗ ಪರೀಕ್ಷೆ ಏತಕ್ಕೆ ಎಂದು ಅನೇಕರು ಕೇಳಿದರು. ಹೆಸರುಗಳ ಪಟ್ಟಿ ಸರ್ಕಾರದ ಕೈಸೇರಿದರೆ ಗತಿಯೇನೆಂಬ ಅವರ ಭಯ ಕೇವಲ ಕಲ್ಪನೆಯಾಗಿರಲಿಲ್ಲ. ಸೋಂಕಿತರನ್ನು ಪ್ರತ್ಯೇಕವಾಗಿಡಲು ಅವಕಾಶ ಕೊಡುವಂಥ ಪ್ರಸ್ತಾಪವೊಂದು 1986ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮತದಾರರ ಮುಂದೆ ಬಂದೇ ಬಂದಿತು. ಅವರು ಅದನ್ನು ತಿರಸ್ಕರಿಸಿದರೆಂಬುದು ಬೇರೆ ಮಾತು.

ಮೊದಲ ಔಷಧ ಎ.ಜೆಡ್.ಟಿ., ಎಂದರೆ ಜಿಡೊವುಡಿನ್. 1964ರಲ್ಲಿ ಜೆರೋಂ ಹಾರ್ವಿಟ್ಜ್ ಎಂಬ ವಿಜ್ಞಾನಿಯು ಕ್ಯಾನ್ಸರಿಗೆಂದು ತಯಾರಿಸಿ, ಫಲ ಕಾಣದೆ ಬದಿಗಿಟ್ಟಿದ್ದ ವಸ್ತುವಿದು. ಬರೋಸ್ ವೆಲ್‌ಕಂ ಕಂಪೆನಿಯು 1986ರಲ್ಲಿ 282 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಹುಸಿಮಾತ್ರೆ ತೆಗೆದುಕೊಂಡವರಲ್ಲಿ 19 ಮಂದಿ ಸತ್ತರೆ ಔಷಧ ತೆಗೆದುಕೊಂಡವರಲ್ಲಿ ಸತ್ತವನು ಒಬ್ಬನೇ. ಪರೀಕ್ಷೆಯನ್ನು ಅರ್ಧದಲ್ಲಿಯೇ ನಿಲ್ಲಿಸಿ 1987ರ ಮಾರ್ಚಿಯಲ್ಲಿ ಔಷಧಕ್ಕೆ ಮಂಜೂರಾತಿ ಕೊಡಲಾಯಿತು. ವರ್ಷಕ್ಕೆ ಸುಮಾರು 8,000ದಿಂದ 10,000 ಡಾಲರು ಅದರ ಬೆಲೆ. ಹಗಲಿರುಳೆನ್ನದೆ ನಾಲ್ಕು ಗಂಟೆಗೊಮ್ಮೆ ನುಂಗಬೇಕು. ವೇಳೆಯನ್ನು ನೆನಪಿಸಲು ಗುಳಿಗೆಯ ಡಬ್ಬಿಗಳಲ್ಲಿ ಪುಟ್ಟ ಗಂಟೆಗಳು ಕೂಗುತ್ತಿದ್ದವು. ನ್ಯೂಯಾರ್ಕಿನ ನಾಟಕಶಾಲೆಗಳಲ್ಲಿಯೂ ಔತಣಕೂಟಗಳಲ್ಲಿಯೂ ಆ ಸದ್ದು ಕೇಳಿಬಂದರೆ ಯಾರ ಜೇಬಿನಲ್ಲಿ ಏನಿದೆಯೆಂದು ಸುತ್ತಲಿನವರಿಗೆ ಗೊತ್ತಾಗುತ್ತಿತ್ತು. ಆರಂಭದ ಪ್ರಮಾಣ ದಿನಕ್ಕೆ 1,200 ಮಿಲಿಗ್ರಾಂ. ಇದರಿಂದ ಅನೇಕರ ರಕ್ತ ಕ್ಷೀಣಿಸಿ ಹೊರಗಿನಿಂದ ರಕ್ತ ಕೊಡಬೇಕಾಗಿ ಬಂದಿತು; ಮಾಂಸಖಂಡಗಳು ಸೊರಗಿದವು. 1990ರ ವೇಳೆಗೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು.

ಒಂದೇ ಊರಿನ ಒಂದೇ ಸಮುದಾಯದಲ್ಲಿ ಈ ಔಷಧದ ಬಗೆಗೆ ಪರಸ್ಪರ ವಿರುದ್ಧವಾದ ಎರಡು ಮನೋಧರ್ಮಗಳು ಬೆಳೆದುವು. 1987ರ ಮಾರ್ಚಿಯಲ್ಲಿ ಹುಟ್ಟಿದ ‘ಆಕ್ಟ್ ಅಪ್’ ಸಂಘದವರು ಔಷಧವನ್ನು ಬೇಗ ಕೊಡಿ, ಅಗ್ಗವಾಗಿ ಕೊಡಿ ಎಂದು ಬೀದಿಗಿಳಿದರು. 1989ರ ಸೆಪ್ಟೆಂಬರ್ 14ರಂದು ಅವರಲ್ಲಿ ಕೆಲವರು ನ್ಯೂಯಾರ್ಕಿನ ಷೇರುಪೇಟೆಯ ಒಳಹೊಕ್ಕು ಮೇಲಂತಸ್ತಿಗೆ ಸರಪಳಿಯಿಂದ ತಮ್ಮನ್ನು ಬಿಗಿದುಕೊಂಡರು. ಕೆಲವೇ ದಿನಗಳಲ್ಲಿ ಕಂಪೆನಿಯು ಬೆಲೆಯನ್ನು ಶೇಕಡಾ 20ರಷ್ಟು ಇಳಿಸಿತು. ಇತ್ತ ಡೆನ್ವರ್ ಘೋಷಣೆಗೆ ಕೈಯಿಕ್ಕಿದ್ದ ಗಾಯಕ ಮೈಕೇಲ್ ಕ್ಯಾಲನ್ ಎ.ಜೆಡ್.ಟಿ.ಯನ್ನು ಬಹಿರಂಗವಾಗಿ ವಿರೋಧಿಸಿದನು. ದೀರ್ಘಕಾಲ ಬದುಕಿ ಉಳಿದವರನ್ನು ಕಂಡು ಮಾತನಾಡಿಸಿ 1990ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದನು. ಇವರಿಬ್ಬರ ನಡುವೆ ಇನ್ನೂ ಒಂದು ಬಹುಸಂಖ್ಯಾತ ವರ್ಗವಿತ್ತು: ಮಂಜೂರಾದ ಔಷಧವನ್ನು ನಂಬದೆ, ಮಂಜೂರಾಗದ ಔಷಧಗಳನ್ನು ಮೆಕ್ಸಿಕೋದಿಂದ ತರಿಸಿಕೊಂಡು, ಖರೀದಿ ಸಂಘಗಳನ್ನು ಕಟ್ಟಿಕೊಂಡು, ಮೊಟ್ಟೆಯ ಕೊಬ್ಬಿನಿಂದ ಮಾಡಿದ ಎ.ಎಲ್.721 ಮೊದಲಾದುವನ್ನು ಪ್ರಯೋಗಿಸುತ್ತಿದ್ದವರು. ಔಷಧವನ್ನು ನಿರಾಕರಿಸುತ್ತಿದ್ದವರು ಔಷಧ ವಿಚಾರವನ್ನು ಓದದವರಲ್ಲ, ಅತಿಯಾಗಿ ಓದಿದವರು. ಸಾನ್ ಫ್ರಾನ್ಸಿಸ್ಕೋದಲ್ಲಿ 1985ರಲ್ಲಿ ಮಾರ್ಟಿನ್ ಡೆಲೇನಿ ಮೊದಲಾದವರು ಸ್ಥಾಪಿಸಿದ ‘ಪ್ರಾಜೆಕ್ಟ್ ಇನ್‌ಫಾರ್ಮ್’ ಸಂಸ್ಥೆಯ ಪತ್ರಿಕೆಗಳು ಸಾಮಾನ್ಯ ವೈದ್ಯನೂ ಅರಿಯದ ವಿಷಯಗಳನ್ನು ರೋಗಿಗಳಿಗೆ ತಿಳಿಸುತ್ತಿದ್ದವು.

‘ಯಾವಾಗ’ ಎಂಬ ಪ್ರಶ್ನೆ ತನ್ನ ನಿಜವಾದ ರೂಪವನ್ನು ತಳೆದದ್ದು 1989ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ಔಷಧವು ಹಾಸಿಗೆ ಹಿಡಿದವನಿಗೆ ಸಂಬಂಧಿಸಿದ್ದಾಗಿತ್ತು. ಆಗ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದು, ಸಿ.ಡಿ.4 ಎಂಬ ರಕ್ಷಕಕಣಗಳ ಸಂಖ್ಯೆ 500ಕ್ಕಿಂತ ಕೆಳಗಿಳಿದಿದ್ದು ರೋಗಲಕ್ಷಣವೇ ಇಲ್ಲದವರಿಗೂ ಎ.ಜೆಡ್.ಟಿ. ಕೊಟ್ಟರೆ ರೋಗದ ಮುನ್ನಡೆ ನಿಧಾನವಾಗುವುದೆಂದು ತಿಳಿಸಿತು. ಲಕ್ಷಣವಿಲ್ಲದವನಿಗೆ ಔಷಧ ಕೊಡುವುದೆಂದರೆ ಗಟ್ಟಿಮುಟ್ಟಾಗಿ ಓಡಾಡುತ್ತಿರುವವನಿಗೆ ‘ನೀನು ರೋಗಿ’ ಎಂದು ಹೇಳಿ, ಅವನಿಗೆ ಇಲ್ಲದ ವಾಂತಿ, ತಲೆನೋವು, ಸುಸ್ತುಗಳನ್ನು ಔಷಧದ ಮೂಲಕ ತಂದುಕೊಡುವುದು. ಔಷಧ ಹಿಡಿದ ಗೆಳೆಯರು ಒಬ್ಬೊಬ್ಬರಾಗಿ ಸಾಯುವುದನ್ನು ಕಂಡವನಿಗೆ, ಅವರನ್ನು ಕೊಂದದ್ದು ರೋಗವೋ ಔಷಧವೋ ಎಂಬ ಸಂಶಯ ಬಂದರೆ ಆಶ್ಚರ್ಯವೇನು?

ಈ ಸಂಶಯಕ್ಕೆ ಭಾಗಶಃ ಉತ್ತರ ಕೊಟ್ಟದ್ದು ಬ್ರಿಟನ್, ಐರ್ಲೆಂಡ್, ಫ್ರಾನ್ಸ್ ದೇಶಗಳಲ್ಲಿ 1988ರಲ್ಲಿ ಆರಂಭವಾದ ‘ಕಾಂಕಾರ್ಡ್’ ಪರೀಕ್ಷೆ. ಅಮೆರಿಕದ ಪರೀಕ್ಷೆ ಸುಮಾರು ಒಂದು ವರ್ಷದ ಅನುಭವವನ್ನು ಆಧರಿಸಿದ್ದರೆ, ಇದು 1,749 ಮಂದಿಯನ್ನು ಸರಾಸರಿ ಮೂರು ವರ್ಷ ಅನುಸರಿಸಿತು. ಒಡನೆಯೇ ಔಷಧ ಹಿಡಿದವರಲ್ಲಿ ಮೂರು ವರ್ಷದ ಕೊನೆಗೆ ಬದುಕಿದ್ದವರು ಶೇಕಡಾ 92. ಕಾದು ಹಿಡಿದವರಲ್ಲಿ ಶೇಕಡಾ 94. ಎಂದರೆ ಬೇಗ ಆರಂಭಿಸಿದ್ದರಿಂದ ಯಾವ ಲಾಭವೂ ಇರಲಿಲ್ಲ. ಒಂದೇ ಔಷಧವನ್ನು ಕೊಟ್ಟಾಗ ವೈರಾಣು ತನ್ನ ರೂಪವನ್ನು ಬದಲಿಸಿಕೊಂಡು ಅದರ ಕೈಗೆ ಸಿಕ್ಕದೆ ಹೋಗುತ್ತಿತ್ತು. ಮೊದಲ ವರ್ಷದ ಉಪಕಾರ ನಿಜವಾಗಿದ್ದರೂ ನಿಲ್ಲುವಂಥದ್ದಾಗಿರಲಿಲ್ಲ. 1993ರ ಏಪ್ರಿಲಿನಲ್ಲಿ ಈ ಫಲಿತಾಂಶ ಹೊರಬಿದ್ದಿತು. ಆ ವರ್ಷದ ಜೂನಿನ ಬರ್ಲಿನ್ ಸಮ್ಮೇಳನ ವಿಷಾದದಲ್ಲಿ ಮುಳುಗಿತು. ಕ್ಯಾಲನ್ ಅದೇ ಡಿಸೆಂಬರಿನಲ್ಲಿ ಏಡ್ಸ್‌ನಿಂದಲೇ ತೀರಿಕೊಂಡನು. ಲಂಡನ್ನಿನಲ್ಲಿ ಚಲಚ್ಚಿತ್ರ ನಿರ್ದೇಶಕ ಡೆರೆಕ್ ಜಾರ್ಮನ್ ಅದೇ ವರ್ಷ ತೆರೆಕಾಣಿಸಿದ ‘ಬ್ಲೂ’ ಎಂಬ ಚಿತ್ರದಲ್ಲಿ, ಬರಿಯ ನೀಲಿ ಪರದೆಯ ಮೇಲೆ, ತನ್ನ ಕಣ್ಣಿನ ಸೋಂಕಿಗೆ ಕೊಟ್ಟ ಔಷಧದ ದುಷ್ಪರಿಣಾಮಗಳ ದೀರ್ಘ ಪಟ್ಟಿ ಕೇಳಿಬರುತ್ತದೆ. ಆ ಕಾಲದ ಮನೋಧರ್ಮಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ನಮಗೆ ತೋರುವುದಿಲ್ಲ.

ಆದುದರಿಂದ 1990ರಲ್ಲಿ ‘ನನಗೆ ಲಕ್ಷಣಗಳಿಲ್ಲ, ನಾನು ಕಾಯುತ್ತೇನೆ’ ಎಂದವನನ್ನು ಇತಿಹಾಸವು ದೂಷಿಸುವಂತಿಲ್ಲ. ಹಾಗೆಂದು ನಿರಾಕರಣೆಯನ್ನೆಲ್ಲ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದೂ ಸರಿಯಲ್ಲ. ಔಷಧದ ಮೇಲಿನ ಸಂಶಯವು ವೈರಾಣುವಿನ ಮೇಲಿನ ಸಂಶಯವಾಗಿ ಬೆಳೆದ ಕಡೆ ಫಲ ಘೋರವಾಯಿತು. ಎಚ್.ಐ.ವಿ.ಯಿಂದ ಏಡ್ಸ್ ಬರುವುದೇ ಇಲ್ಲವೆಂದು ವಾದಿಸುತ್ತಿದ್ದ ಲಂಡನ್ನಿನ ‘ಕಂಟಿನ್ಯುಅಂ’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಸಲಿಂಗಪ್ರೇಮಿ ಪುರುಷರೇ. ಅವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. 2001ರಲ್ಲಿ ಪತ್ರಿಕೆ ನಿಂತಿತು. ಸಾನ್ ಫ್ರಾನ್ಸಿಸ್ಕೋದ ಆಕ್ಟ್ ಅಪ್ ಶಾಖೆಯೂ ಇದೇ ಹಾದಿಯನ್ನು ಹಿಡಿದು ಮೂಲಸಂಘದ ಆದರ್ಶದಿಂದ ದೂರವಾಯಿತು. ಕ್ಯಾಲನ್ನನ ಸಂಶಯ ಸಾಕ್ಷ್ಯವನ್ನು ಕೇಳುತ್ತಿತ್ತು. ಇವರದು ಸಾಕ್ಷ್ಯ ಬಂದ ಮೇಲೆಯೂ ಅದನ್ನು ನೋಡಲೊಲ್ಲದ ಸಂಶಯ.

1996ರಲ್ಲಿ ಪರಿಸ್ಥಿತಿ ಒಮ್ಮೆಲೇ ತಿರುಗಿತು. ಹಿಂದಿನ ಡಿಸೆಂಬರಿನಲ್ಲಿ ಸಾಕ್ವಿನಾವಿರ್, ಈ ವರ್ಷದ ಮಾರ್ಚಿಯಲ್ಲಿ ರಿಟೋನಾವಿರ್ ಮತ್ತು ಇಂಡಿನಾವಿರ್ ಎಂಬ ಹೊಸ ಬಗೆಯ ಔಷಧಗಳು ಬಂದು, ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮ ಆರಂಭವಾಯಿತು. ಜುಲೈ ತಿಂಗಳ ವಾಂಕೂವರ್ ಸಮ್ಮೇಳನವು ಹರ್ಷದಿಂದ ತುಂಬಿತ್ತು. ಬೇಗನೆ, ಬಲವಾಗಿ ಹೊಡೆಯಬೇಕೆಂಬುದು ವಿಜ್ಞಾನಿ ಡೇವಿಡ್ ಹೋ 1995ರಲ್ಲಿಯೇ ಮಂಡಿಸಿದ್ದ ವಾದ; ಎರಡು ಮೂರು ವರ್ಷ ಔಷಧ ನಡೆಸಿದರೆ ವೈರಾಣು ನಿರ್ಮೂಲವಾದೀತೆಂಬ ಆಸೆಯೂ ಹುಟ್ಟಿತು. ಅಮೆರಿಕದಲ್ಲಿ ಏಡ್ಸ್‌ನಿಂದಾಗುತ್ತಿದ್ದ ಮರಣಗಳು 1997ರಲ್ಲಿ ಹಿಂದಿನ ವರ್ಷಕ್ಕಿಂತ ಅರ್ಧದಷ್ಟು ಇಳಿದುವು. ವಾರವಾರವೂ ಸಾವಿನ ಸುದ್ದಿಗಳನ್ನು ಅಚ್ಚು ಹಾಕುತ್ತಿದ್ದ ಸಾನ್ ಫ್ರಾನ್ಸಿಸ್ಕೋದ ‘ಬೇ ಏರಿಯ ರಿಪೋರ್ಟರ್’ ಪತ್ರಿಕೆಯು 1998ರ ಆಗಸ್ಟ್ 13ರಂದು, ಈ ವಾರ ಸಾವಿನ ಸುದ್ದಿಯಿಲ್ಲವೆಂದು ಮುಖಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿತು.

ಇಷ್ಟಾದರೂ ಹಿಂಜರಿದವರು ಉಂಟು. ನಮ್ಮ ವಿಷಯದ ತಿರುಳು ಇರುವುದು ಇಲ್ಲಿಯೇ. ಹೊಸ ಔಷಧವನ್ನು ಕಂಡವರು ಹಳೆಯ ಔಷಧವನ್ನು ಮರೆತಿರಲಿಲ್ಲ. 1987ರಲ್ಲಿಯೂ 1989ರಲ್ಲಿಯೂ ವೈದ್ಯರು ಇಷ್ಟೇ ಉತ್ಸಾಹದಿಂದ ಮಾತನಾಡಿದ್ದರಷ್ಟೆ! ಅದಲ್ಲದೆ ಸಾವಿಗೆ ಸಿದ್ಧತೆ ಮಾಡಿಕೊಂಡವರ ಪಾಡು ಬೇರೆ. ತಮ್ಮ ಜೀವವಿಮೆಯ ಪಾಲಿಸಿಗಳನ್ನು ಹೂಡಿಕೆದಾರರಿಗೆ ಮಾರಿ, ಆ ಹಣವನ್ನು ಖರ್ಚು ಮಾಡಿ, ಕೆಲಸ ಬಿಟ್ಟು ಕುಳಿತಿದ್ದವರು ಅಮೆರಿಕದಲ್ಲಿ ಅನೇಕರಿದ್ದರು. ಅವರಿಗೆ ಔಷಧ ಹಿಡಿಯುವುದೆಂದರೆ ಬದುಕಿನ ಜವಾಬ್ದಾರಿಯನ್ನು ಮತ್ತೊಮ್ಮೆ ಹೊರುವುದಾಗಿತ್ತು. ಗೆಳೆಯರೆಲ್ಲ ಹೋದ ಮೇಲೆ ತಾನೊಬ್ಬನು ಏಕೆ ಉಳಿಯಬೇಕೆಂಬ ಅಳುಕೂ ಅದರೊಡನೆ ಸೇರಿತ್ತು. ಔಷಧದ ಕ್ರಮವೂ ಸುಲಭವಾಗಿರಲಿಲ್ಲ. ಇಂಡಿನಾವಿರನ್ನು ಎಂಟು ಗಂಟೆಗೊಮ್ಮೆ ಬರಿಹೊಟ್ಟೆಯಲ್ಲಿ ನುಂಗಿ, ಮೂತ್ರಪಿಂಡದಲ್ಲಿ ಕಲ್ಲಾಗದಂತೆ ಬಿಂದಿಗೆಗಟ್ಟಲೆ ನೀರು ಕುಡಿಯಬೇಕು. ಒಂದೆರಡು ಹೊತ್ತು ತಪ್ಪಿದರೂ ವೈರಾಣು ಮದ್ದಿಗೆ ಬಗ್ಗದಂತಾಗುವ ಅಪಾಯ.

1998ರಲ್ಲಿ ಸಿಡ್ನಿಯ ವೈದ್ಯರು ಮತ್ತೊಂದು ಪರಿಣಾಮವನ್ನು ವಿವರಿಸಿದರು: ಕೆನ್ನೆ, ಕೈಕಾಲುಗಳ ಕೊಬ್ಬು ಕರಗಿ, ಹೊಟ್ಟೆಯಲ್ಲಿಯೂ ಕತ್ತಿನ ಹಿಂದೆಯೂ ಕೊಬ್ಬು ಸೇರುವುದು. ಗುಳಿಬಿದ್ದ ಕೆನ್ನೆ ಎಚ್.ಐ.ವಿ.ಯ ಗುರುತಾಯಿತು. ಯಾವ ರೋಗವನ್ನು ಮರೆಮಾಡಿಕೊಂಡು ಬದುಕಬಹುದಾಗಿತ್ತೋ ಆ ರೋಗವನ್ನು ಔಷಧವೇ ಮುಖದ ಮೇಲೆ ಬರೆದು ತೋರಿಸತೊಡಗಿತು. ರೂಪಕ್ಕೆ ಬಹಳ ಬೆಲೆಯಿದ್ದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಇದನ್ನು ಕೇವಲ ಸೌಂದರ್ಯದ ಹುಚ್ಚೆಂದು ತಳ್ಳಿಹಾಕಿದ ವೈದ್ಯರು ಮನುಷ್ಯಸ್ವಭಾವವನ್ನು ಅರಿಯದವರೆನ್ನಬೇಕು.

ಆಸ್ಟ್ರೇಲಿಯದಲ್ಲಿ ರಾನ್ ಗೋಲ್ಡ್ ಮತ್ತು ಅವರ ಸಹೋದ್ಯೋಗಿಗಳು 2000–2001ರಲ್ಲಿ ಪ್ರಕಟಿಸಿದ ಅಧ್ಯಯನಗಳು ಚಿಕಿತ್ಸೆ ಹಿಡಿಯದಿದ್ದ ಸೋಂಕಿತರ ಮಾತುಗಳನ್ನೇ ಸಂಗ್ರಹಿಸಿದುವೆಂಬ ಕಾರಣದಿಂದ ಇತಿಹಾಸಕಾರರಿಗೆ ಅಮೂಲ್ಯವಾಗಿವೆ. ತಾನು ಸೌಖ್ಯವಾಗಿದ್ದೇನೆಂಬ ಭಾವನೆ, ದುಷ್ಪರಿಣಾಮಗಳ ಭಯ, ದಿನದಿನವೂ ಗುಳಿಗೆಯು ರೋಗವನ್ನು ನೆನಪಿಸುವುದೆಂಬ ಬೇಸರ, ಕಾಲ ಬಂದಾಗ ಅದು ತನಗೇ ತಿಳಿಯುವುದೆಂಬ ನಂಬಿಕೆ, ಇವು ಅಂದಿನ ಇಂಥ ಬರಹಗಳಲ್ಲೆಲ್ಲ ಮತ್ತೆ ಮತ್ತೆ ಬರುವ ಕಾರಣಗಳು. ಇಂಗ್ಲೆಂಡಿನಲ್ಲಿ ರಾಬರ್ಟ್ ಹಾರ್ನ್ ಎಂಬ ವಿದ್ವಾಂಸರು ಇದನ್ನು ಎರಡು ಅಳತೆಗಳಿಗೆ ಇಳಿಸಿದರು: ಔಷಧ ತನಗೆ ಅವಶ್ಯವೆಂಬ ನಂಬಿಕೆ ಎಷ್ಟು, ಅದರಿಂದ ಕೇಡಾದೀತೆಂಬ ಆತಂಕ ಎಷ್ಟು. ಉಪಯುಕ್ತ ಸೂತ್ರವೇ ಸರಿ. ಆದರೆ ಆತಂಕದ ತೂಕವನ್ನು ನಿರ್ಣಯಿಸುವ ನೆನಪುಗಳು ಅದರೊಳಗೆ ಸಿಕ್ಕುವುದಿಲ್ಲ. ಅಮೆರಿಕದ ಕಪ್ಪುಜನರ ಉದಾಹರಣೆಯನ್ನೇ ನೋಡಬಹುದು. 1932ರಿಂದ 1972ರವರೆಗೆ ಟಸ್ಕೀಗಿಯಲ್ಲಿ ಸರ್ಕಾರದ ವೈದ್ಯರೇ ಕಪ್ಪುಜನರ ಸಿಫಿಲಿಸ್ ರೋಗವನ್ನು ಚಿಕಿತ್ಸೆ ಕೊಡದೆ ನೋಡುತ್ತ ಕುಳಿತಿದ್ದರು. ಆ ಜನಾಂಗದ ಸಲಿಂಗಪ್ರೇಮಿ ಪುರುಷನಿಗೆ ಎರಡು ಇತಿಹಾಸಗಳ ಅಪನಂಬಿಕೆ ಒಟ್ಟಿಗೆ ಬಂದಿತ್ತು.

ಅಷ್ಟರಲ್ಲಿ ವೈದ್ಯರೇ ಹಿಂದೆ ಸರಿದರು. ವಿಶ್ರಾಂತ ಕಣಗಳಲ್ಲಿ ಅಡಗಿರುವ ವೈರಾಣು 60 ವರ್ಷ ಔಷಧ ಕೊಟ್ಟರೂ ಅಳಿಯದೆಂದು 1999ರ ವೇಳೆಗೆ ತಿಳಿದಿತ್ತು. ನಿರ್ಮೂಲನದ ಆಸೆ ಬಿದ್ದುಹೋಯಿತು. ಅಮೆರಿಕದ ಮಾರ್ಗಸೂಚಿ 2001ರ ಫೆಬ್ರವರಿಯಲ್ಲಿ ಆರಂಭದ ಗೆರೆಯನ್ನು 500 ಸಿ.ಡಿ.4 ಕಣಗಳಿಂದ 350ಕ್ಕೆ ಇಳಿಸಿತು. ಹಿಂದಿನ ವರ್ಷ ‘ಮೊಂಡು’ ಎನಿಸಿಕೊಂಡಿದ್ದ ರೋಗಿ ಈ ವರ್ಷ ಮಾರ್ಗಸೂಚಿಗೆ ಅನುಗುಣವಾಗಿಯೇ ನಡೆದವನಾದನು. ಔಷಧಕ್ಕೆ ನಡುನಡುವೆ ವಿರಾಮ ಕೊಡುವ ಪದ್ಧತಿಯೂ ಬಳಕೆಗೆ ಬಂದಿತು. ‘ಸ್ಮಾರ್ಟ್’ ಎಂಬ, 5,472 ಮಂದಿ ಭಾಗವಹಿಸಿದ್ದ ಪರೀಕ್ಷೆಯನ್ನು 2006ರ ಜನವರಿಯಲ್ಲಿ ನಿಲ್ಲಿಸಿದಾಗ, ವಿರಾಮ ಕೊಟ್ಟವರೇ ಹೆಚ್ಚಾಗಿ ಸಾಯುತ್ತಿದ್ದರೆಂದೂ, ಔಷಧದಿಂದ ಬರುವುದೆಂದು ಅಂಜಿದ್ದ ಹೃದಯ, ಮೂತ್ರಪಿಂಡಗಳ ಕಾಯಿಲೆಗಳು ಕೂಡ ವಿರಾಮದಲ್ಲಿಯೇ ಹೆಚ್ಚೆಂದೂ ತಿಳಿದು ಎಲ್ಲರೂ ಬೆರಗಾದರು.

ಈ ವರ್ಷಗಳಲ್ಲಿ ನಮ್ಮ ದೇಶದ ಪ್ರಶ್ನೆ ಬೇರೆಯೇ ಆಗಿತ್ತೆಂಬುದನ್ನು ಇಲ್ಲಿ ಸೂಚಿಸಿ ಮುಂದುವರಿಯುತ್ತೇವೆ. ಮುಂಬಯಿಯ ಸಿಪ್ಲಾ ಕಂಪೆನಿಯು ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವೆನೆಂದು 2001ರಲ್ಲಿ ಸಾರಿತು. ಆದರೆ ಭಾರತ ಸರ್ಕಾರದ ಉಚಿತ ಚಿಕಿತ್ಸೆ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಆರಂಭವಾದದ್ದು 2004ರ ಏಪ್ರಿಲ್ 1ರಂದು. ದೊರೆಯದ ಔಷಧವನ್ನು ನಿರಾಕರಿಸುವ ಪ್ರಶ್ನೆ ಹುಟ್ಟುವುದಿಲ್ಲ. ದೊರೆತ ಮೇಲೆಯೂ, 2018ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ 377ನೆಯ ಕಲಮಿನ ಕಟ್ಟನ್ನು ಸಡಿಲಿಸುವವರೆಗೆ, ಸೋಂಕು ಹೇಗೆ ಬಂದಿತೆಂದು ವೈದ್ಯನಿಗೆ ಹೇಳುವುದು ಇಲ್ಲಿನ ಪುರುಷನಿಗೆ ಅಪರಾಧವನ್ನು ಒಪ್ಪಿಕೊಂಡಂತೆಯೇ ಇತ್ತು.

ಪಶ್ಚಿಮದಲ್ಲಿ ಮನೋಧರ್ಮವನ್ನು ಕಟ್ಟಕಡೆಗೆ ಬದಲಿಸಿದ್ದು ತನ್ನ ಆಯುಸ್ಸಿನ ಲೆಕ್ಕವೊಂದೇ ಅಲ್ಲವೆಂದು ನಮಗೆ ತೋರುತ್ತದೆ. ಔಷಧದಿಂದ ವೈರಾಣು ರಕ್ತದಲ್ಲಿ ಕಾಣದಷ್ಟು ಕುಗ್ಗಿದವನಿಂದ ಸಂಗಾತಿಗೆ ಸೋಂಕು ಹರಡದೆಂದು ಸ್ವಿಟ್ಜರ್ಲೆಂಡಿನ ವೈದ್ಯರು 2008ರಲ್ಲಿ ಹೇಳಿದಾಗ ಅದನ್ನು ಅನೇಕರು ದುಡುಕೆಂದು ಖಂಡಿಸಿದರು. 2011ರಲ್ಲಿ, ಪುಣೆ ಮತ್ತು ಚೆನ್ನೈಗಳೂ ಸೇರಿದ್ದ ಅಂತರರಾಷ್ಟ್ರೀಯ ಪರೀಕ್ಷೆಯೊಂದು ಬೇಗ ಔಷಧ ಹಿಡಿದರೆ ಹರಡುವಿಕೆ ಶೇಕಡಾ 96ರಷ್ಟು ಕಡಮೆಯೆಂದು ತೋರಿಸಿತು; ಆದರೆ ಅದರಲ್ಲಿದ್ದವರು ಬಹುಮಟ್ಟಿಗೆ ಸ್ತ್ರೀಪುರುಷ ದಂಪತಿಗಳು. ಸಲಿಂಗಪ್ರೇಮಿ ಜೋಡಿಗಳ ಮಾತೇನು? ಯೂರೋಪಿನ ‘ಪಾರ್ಟ್ನರ್’ ಅಧ್ಯಯನದ ಎರಡನೆಯ ಭಾಗ 2019ರಲ್ಲಿ ಉತ್ತರ ಕೊಟ್ಟಿತು: 782 ಜೋಡಿಗಳಲ್ಲಿ ಔಷಧ ಹಿಡಿದವನಿಂದ ಸಂಗಾತಿಗೆ ಸೋಂಕು ತಗಲಿದ ಒಂದು ಉದಾಹರಣೆಯೂ ಇಲ್ಲ. ಮೂವತ್ತು ವರ್ಷ ತನ್ನ ದೇಹವನ್ನೇ ವಿಷವೆಂದು ಭಾವಿಸಿಕೊಂಡಿದ್ದವನಿಗೆ ಈ ಮಾತು ಏನಾಗಿ ಕೇಳಿಸಿತೆಂಬುದನ್ನು ಊಹಿಸಬಹುದು. ಸಾವಿನ ಗುರುತಾಗಿದ್ದ ಗುಳಿಗೆಯೇ ಈಗ ಭಯವಿಲ್ಲದೆ ಪ್ರೀತಿಸುವ ಅನುಮತಿಯಾಯಿತು.

ಹೊಸ ಕಳವಳವೊಂದು ಇದರೊಡನೆಯೇ ಹುಟ್ಟಿತೆಂಬುದನ್ನೂ ಹೇಳಬೇಕು. ಒಬ್ಬನು ಔಷಧ ಹಿಡಿಯುವುದು ಸಮಾಜದ ಹಿತಕ್ಕೆಂದಾದರೆ, ಡೆನ್ವರಿನಲ್ಲಿ ಸಾರಿದ ನಿರಾಕರಣೆಯ ಹಕ್ಕು ಉಳಿಯುವುದೆ? ಈ ವಾದದ ಬಿಸಿಯನ್ನು ತಗ್ಗಿಸಿದ್ದು ‘ಸ್ಟಾರ್ಟ್’ ಪರೀಕ್ಷೆ. 35 ದೇಶಗಳ 4,685 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಲಿಂಗಪ್ರೇಮಿ ಪುರುಷರು, ಎಲ್ಲರ ಸಿ.ಡಿ.4 ಸಂಖ್ಯೆಯೂ 500ಕ್ಕಿಂತ ಮೇಲೆ. ಕೂಡಲೇ ಆರಂಭಿಸಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವುಗಳು ಶೇಕಡಾ 57ರಷ್ಟು ಕಡಮೆಯೆಂದು 2015ರಲ್ಲಿ ಸಿದ್ಧವಾಯಿತು. ಎಲ್ಲ ಸೋಂಕಿತರಿಗೂ ಔಷಧ ಕೊಡಬೇಕೆಂದು ಆ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿತು. ಭಾರತ 2017ರಲ್ಲಿ ಅದನ್ನು ಅನುಸರಿಸಿತು. ಕಾಂಕಾರ್ಡ್ ಎತ್ತಿದ್ದ ಪ್ರಶ್ನೆಗೆ ಉತ್ತರ ಬರಲು ಇಪ್ಪತ್ತೆರಡು ವರ್ಷ ಹಿಡಿದಿತ್ತು. ಆ ಉತ್ತರವನ್ನು ಕೊಟ್ಟವರಲ್ಲಿ ಅರ್ಧದಷ್ಟು ಮಂದಿ, ಕಾಯುವವರ ಗುಂಪಿಗೆ ಬೀಳಲು ಒಪ್ಪಿ ತಮ್ಮ ದೇಹವನ್ನು ಪಣವಾಗಿಟ್ಟವರು.

ಔಷಧವು ಸುಲಭವಾದೊಡನೆ ಎಲ್ಲರೂ ಅದನ್ನು ಹಿಡಿದು ಉಳಿಸಿಕೊಂಡರೆಂದು ತಿಳಿಯಬಾರದು. ಆಕ್ಟ್ ಅಪ್‌ನ ತರುಣ ಕಾರ್ಯಕರ್ತನಾಗಿದ್ದು, ರಿಟೋನಾವಿರ್ ಪರೀಕ್ಷೆಯ ವಿನ್ಯಾಸಕ್ಕೆ ನೆರವಾದ ಸ್ಪೆನ್ಸರ್ ಕಾಕ್ಸ್ 2012ರ ಡಿಸೆಂಬರಿನಲ್ಲಿ, 44ನೆಯ ವಯಸ್ಸಿನಲ್ಲಿ, ಏಡ್ಸ್ ಸಂಬಂಧವಾದ ಕಾಯಿಲೆಯಿಂದ ತೀರಿಕೊಂಡನು. ಔಷಧ ತೆಗೆದುಕೊಳ್ಳುವುದನ್ನು ಅವನು ಬಿಟ್ಟಿದ್ದನೆಂದು ಆಗಿನ ಪತ್ರಿಕೆಗಳು ಬರೆದುವು. ಸಾವುಗಳನ್ನು ಕಂಡು ಉಳಿದ ನಡುವಯಸ್ಸಿನ ಪುರುಷರ ಒಂಟಿತನ, ಖಿನ್ನತೆಗಳ ವಿಚಾರವಾಗಿ ಸಂಸ್ಥೆಯೊಂದನ್ನು ಕಟ್ಟಲು ಯತ್ನಿಸಿದವನೂ ಅವನೇ. ಅದಕ್ಕೆ ಧನಸಹಾಯ ಸಾಲದೆ ಹೋಯಿತು. ಅವನಿಗೆ ಔಷಧದ ವಿಷಯದಲ್ಲಿ ಅಜ್ಞಾನವಿತ್ತೆಂದು ಯಾರೂ ಹೇಳಲಾರರು.

2013ರಿಂದ ಸಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಆಸ್ಪತ್ರೆಯಲ್ಲಿ, ಸೋಂಕು ಇದೆಯೆಂದು ತಿಳಿದ ದಿನವೇ ಔಷಧವನ್ನು ಆರಂಭಿಸುವ ಏರ್ಪಾಡು ನಡೆದುಬಂದಿದೆ. ಹಿಂದಿನವರು ವರ್ಷಗಟ್ಟಲೆ ತೂಗಿ ನೋಡಿದ ನಿರ್ಣಯಕ್ಕೆ ಇಲ್ಲಿ ಕೆಲವು ಗಂಟೆಗಳ ಅವಧಿ. 2021ರ ಜನವರಿಯಲ್ಲಿ ಅಮೆರಿಕದಲ್ಲಿ ಮಂಜೂರಾದ ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಚುಚ್ಚುಮದ್ದನ್ನು ಮೊದಲು ತಿಂಗಳಿಗೊಮ್ಮೆಯೂ ಅನಂತರ ಎರಡು ತಿಂಗಳಿಗೊಮ್ಮೆಯೂ ಕೊಡತೊಡಗಿದರು. ದಿನದಿನವೂ ರೋಗವನ್ನು ನೆನೆಯಬೇಕಾಗಿಲ್ಲ, ಮನೆಯಲ್ಲಿ ಔಷಧದ ಶೀಷೆಯನ್ನು ಬಚ್ಚಿಡಬೇಕಾಗಿಲ್ಲ ಎಂಬುದು ಅದನ್ನು ಆರಿಸಿಕೊಂಡವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಸೇರಿದೆ.